ದಿನಸಿ ಅಂಗಡಿಯ ಟೇಬರ್, ಬೆಳ್ಳಿಯ ಟೇಬರ್

ಅಮೆರಿಕದ ಕೊಲರಾಡೊದಲ್ಲಿ ಹೊರೇಸ್ ಟೇಬರ್ ಅಂದರೆ ಇವತ್ತಿಗೂ ಅದೃಷ್ಟದ ಕಥೆ. ದಿನಸಿ ಮಾರುತ್ತಿದ್ದವನು ದಿಢೀರ್ ಕುಬೇರನಾದ, ಸೆನೆಟರ್ ಆದ, ಕೊನೆಗೆ ಬರಿಗೈ ಆದ. ಅದೃಷ್ಟ ಇತ್ತು ನಿಜ, ಆದರೆ ಅವನ ಏಳುಬೀಳಿನ ಹಿಂದೆ ಸರ್ಕಾರಗಳ ಬೆಳ್ಳಿ ಲೆಕ್ಕಾಚಾರವೂ ಇತ್ತು. ಬೀಳಿಸಿದ್ದರಲ್ಲಿ ನಮ್ಮ ರೂಪಾಯಿಯ ಪಾಲೂ ಇದೆ!

ಟೇಬರ್ ಹುಟ್ಟಿದ್ದು 1830ರಲ್ಲಿ, ವರ್ಮಾಂಟ್‌ನಲ್ಲಿ. ಕಲ್ಲು ಕೆತ್ತುವ ಕೆಲಸ ಬಿಟ್ಟು ಕಾನ್ಸಸ್‌ಗೆ ಹೋಗಿ ಬೇಸಾಯ ಮಾಡಿದ. ಅಲ್ಲಿ ಗುಲಾಮಗಿರಿ ವಿರೋಧಿಗಳು ಕಟ್ಟಿಕೊಂಡ ಶಾಸನಸಭೆಯಲ್ಲೂ ಕೂತಿದ್ದ. 1859ರಲ್ಲಿ ಚಿನ್ನದ ಸುದ್ದಿ ಕೇಳಿ ಹೆಂಡತಿ ಅಗಸ್ಟಾ ಮತ್ತು ಪುಟ್ಟ ಮಗನನ್ನು ಗಾಡಿಯಲ್ಲಿ ಕೂರಿಸಿಕೊಂಡು ಕೊಲರಾಡೊ ಕಡೆ ಹೊರಟ. ಚಿನ್ನ ಅಷ್ಟಿಷ್ಟು ಸಿಕ್ಕಿತು, ಅಷ್ಟೇ. ಸಂಸಾರ ನಡೆಸಿದ್ದು ಅಂಗಡಿ. ಅಗಸ್ಟಾ ಗಣಿ ಕೆಲಸದವರಿಗೆ ಊಟ ಹಾಕುತ್ತಿದ್ದಳು, ತಕ್ಕಡಿಯಲ್ಲಿ ಚಿನ್ನದ ಪುಡಿ ತೂಗುತ್ತಿದ್ದಳು, ಅಂಚೆ ಕೆಲಸವನ್ನೂ ನೋಡಿಕೊಳ್ಳುತ್ತಿದ್ದಳು. ಹೀಗೇ ಸುಮಾರು 20 ವರ್ಷ.

ಟೇಬರ್ ಇದ್ದ ಕಣಿವೆಯಲ್ಲಿ ಚಿನ್ನ ಜಾಲಾಡುವವರಿಗೆ ಒಂದು ಕಾಟ ಇತ್ತು. ಭಾರವಾದ ಕಪ್ಪು ಮರಳು ಅಡ್ಡ ಬರುತ್ತಿತ್ತು. ಅದು ಬೆಳ್ಳಿ ತುಂಬಿದ ಸೀಸದ ಅದಿರು ಅಂತ ಗೊತ್ತಾಗುವಷ್ಟರಲ್ಲಿ ವರ್ಷಗಳೇ ಕಳೆದಿದ್ದವು. ಗೊತ್ತಾದ ಮೇಲೆ ಲೆಡ್‌ವಿಲ್ ಎಂಬ ಊರು ಎದ್ದಿತು, 1878ರಲ್ಲಿ ಟೇಬರ್ ಅದರ ಮೇಯರ್ ಆದ.

ಅದೇ ವರ್ಷ ರಿಷೆ ಮತ್ತು ಹುಕ್ ಎಂಬ ಇಬ್ಬರು ಜರ್ಮನ್ನರು ಅವನ ಅಂಗಡಿಯಿಂದ ಸಾಮಾನು ಒಯ್ದರು. ಉದ್ರಿ ಅಂದುಕೊಳ್ಳಿ, ಆದರೆ ಕರಾರು ಬೇರೆ: ಏನಾದರೂ ಸಿಕ್ಕಿದರೆ ಮೂರರಲ್ಲೊಂದು ಪಾಲು ಅಂಗಡಿಯವನಿಗೆ, ಸಿಗದಿದ್ದರೆ ಸಾಮಾನು ಹೋದ ಹಾಗೆ. ಗಣಿ ಊರುಗಳಲ್ಲಿ ಇದು ಮಾಮೂಲು, ಹೆಚ್ಚಿನವು ಮುಳುಗುತ್ತಿದ್ದವು. ಇವರಿಗೆ ಮಾತ್ರ ಬೆಳ್ಳಿ ಸಿಕ್ಕಿತು! ಆ ಲಿಟಲ್ ಪಿಟ್ಸ್‌ಬರ್ಗ್ ಗಣಿಯ ತನ್ನ ಪಾಲನ್ನು ಟೇಬರ್ ಮರುವರ್ಷ 10 ಲಕ್ಷ ಡಾಲರಿಗೆ ಮಾರಿದ. ಮ್ಯಾಚ್‌ಲೆಸ್ ಅನ್ನುವ ಇನ್ನೊಂದು ಗಣಿ ಕೊಂಡ.

ಇಲ್ಲಿ ಒಂದು ವಿಷಯ ಗಮನಿಸಬೇಕು. 1878ರಲ್ಲೇ ಅಮೆರಿಕದ ಸಂಸತ್ತು ಒಂದು ಕಾನೂನು ಮಾಡಿತ್ತು: ಖಜಾನೆಯು ನಾಣ್ಯ ಹೊಡೆಯಲು ತಿಂಗಳಿಗೆ 20ರಿಂದ 40 ಲಕ್ಷ ಡಾಲರ್ ಬೆಲೆಯ ಬೆಳ್ಳಿ ಕೊಳ್ಳಲೇಬೇಕು. ಮಾಲು ಸಿಕ್ಕ ಹೊತ್ತಿಗೆ ಗಿರಾಕಿಯೂ ರೆಡಿ, ಅಲ್ವಾ?

ಮುಂದಿನದೆಲ್ಲ ಸರಸರ. ಉಪರಾಜ್ಯಪಾಲನಾದ, ಲೆಡ್‌ವಿಲ್ ಮತ್ತು ಡೆನ್ವರ್‌ನಲ್ಲಿ ಆಪೆರಾ ಹೌಸ್ ಕಟ್ಟಿಸಿದ. ಸೆನೆಟ್‌ನ 6 ವರ್ಷದ ಸೀಟಿಗೆ ಆಸೆಪಟ್ಟ. ಅದನ್ನು ಬೇರೆಯವರಿಗೆ ಕೊಟ್ಟ ಶಾಸಕರು, ಇವನಿಗೆ ಇನ್ನೊಬ್ಬರು ಬಿಟ್ಟುಹೋಗಿದ್ದ ಅವಧಿಯ ಕೊನೆಯ ಐದು ವಾರ ಕೊಟ್ಟರು. ಅದು 1883. ಅಗಸ್ಟಾಗೆ ಆಗಷ್ಟೇ ವಿಚ್ಛೇದನ ಕೊಟ್ಟಿದ್ದ. ಸೆನೆಟರ್‌ಗಿರಿ ಮುಗಿಯಲು ಎರಡು ದಿನ ಇದ್ದಾಗ ವಾಷಿಂಗ್ಟನ್‌ನಲ್ಲಿ ಬೇಬಿ ಡೋ ಎಂಬ ಯುವತಿಯೊಂದಿಗೆ ಅದ್ಧೂರಿ ಮದುವೆ. ಅಧ್ಯಕ್ಷ ಚೆಸ್ಟರ್ ಆರ್ಥರ್ ಕೂಡ ಬಂದಿದ್ದರು.

1890ರಲ್ಲಿ ಅಮೆರಿಕದ ಖಜಾನೆಯ ಬೆಳ್ಳಿ ಖರೀದಿ ತಿಂಗಳಿಗೆ 45 ಲಕ್ಷ ಔನ್ಸ್‌ಗೆ ಏರಿತು. ಆದರೂ ಗಣಿಗಳಿಂದ ಬರುತ್ತಿದ್ದ ಬೆಳ್ಳಿ ಜಾಸ್ತಿಯೇ. ಆಗ ಇನ್ನೊಂದು ದೊಡ್ಡ ಗಿರಾಕಿ ಭಾರತ. ಯಾರು ಬೇಕಾದರೂ ಟಂಕಸಾಲೆಗೆ ಬೆಳ್ಳಿ ಕೊಟ್ಟು ರೂಪಾಯಿ ಮಾಡಿಸಿಕೊಳ್ಳಬಹುದಿತ್ತು. 1893ರ ಜೂನ್ 26ರಂದು ಸಿಮ್ಲಾದಲ್ಲಿ ಬ್ರಿಟಿಷ್ ಸರ್ಕಾರ ಆ ಬಾಗಿಲು ಮುಚ್ಚಿತು. ಕೆಲವೇ ದಿನಗಳಲ್ಲಿ ಬೆಳ್ಳಿ ಬೆಲೆ ಕುಸಿದು ಕೊಲರಾಡೊದ ಗಣಿಗಳು, ಜುಲೈಯಲ್ಲಿ ಡೆನ್ವರ್‌ನ ಬ್ಯಾಂಕುಗಳು ಮುಚ್ಚತೊಡಗಿದವು. ನವೆಂಬರ್‌ನಲ್ಲಿ ಅಮೆರಿಕವೂ ಖರೀದಿ ನಿಲ್ಲಿಸಿತು.

ಟೇಬರ್ ಹಣವೆಲ್ಲ ಗಣಿ, ಕಟ್ಟಡ, ಅವುಗಳ ಮೇಲಿನ ಸಾಲದಲ್ಲಿ ಸಿಕ್ಕಿಕೊಂಡಿತ್ತು. ಎಲ್ಲ ಹೋಯಿತು. 1898ರಲ್ಲಿ ಡೆನ್ವರ್‌ನ ಪೋಸ್ಟ್ ಮಾಸ್ಟರ್ ಕೆಲಸ ಸಿಕ್ಕಿತು, ಮರುವರ್ಷ ಏಪ್ರಿಲ್‌ನಲ್ಲಿ ತೀರಿಕೊಂಡ.

ಅಗಸ್ಟಾ 1895ರಲ್ಲೇ ಹೋಗಿದ್ದಳು, ದೊಡ್ಡ ಆಸ್ತಿ ಬಿಟ್ಟು. ವಿಚ್ಛೇದನದ ಮೇಲೂ ಆಕೆ ಡೆನ್ವರ್‌ನ ತನ್ನ ಬಂಗಲೆಯಲ್ಲಿ ಬಾಡಿಗೆಗೆ ಜನರನ್ನು ಇಟ್ಟುಕೊಳ್ಳುತ್ತಿದ್ದಳು.