ರಕ್ತ ತೆಗೆದದ್ದು ಎಷ್ಟು ಗಂಟೆಗೆ?

ಕುಡಿದು ಕಾರು ಓಡಿಸಿದವನಿಂದ ಒಂದು ಜೀವ ಹೋದರೆ ಎಲ್ಲರೂ ಮೊದಲು ವಿಚಾರಿಸುವುದು ಯಾವ ಸೆಕ್ಷನ್ ಹಾಕಿದ್ದಾರೆ ಎಂದು. ಕ್ರಿಮಿನಲ್ ವಕೀಲನಾದ ನಾನು ಚಾರ್ಜ್‌ಶೀಟ್ ಕೈಗೆ ಬಂದಾಗ ಮೊದಲು ಹುಡುಕುವುದು ಎರಡು ಸಮಯಗಳನ್ನು: ಅಪಘಾತ ಆದದ್ದು ಎಷ್ಟು ಗಂಟೆಗೆ, ಆರೋಪಿಯ ರಕ್ತ ತೆಗೆದದ್ದು ಎಷ್ಟು ಗಂಟೆಗೆ.

ಸೆಕ್ಷನ್ ಮುಖ್ಯವಲ್ಲವೆಂದಲ್ಲ. ನಿರ್ಲಕ್ಷ್ಯದ ಸಾವಿಗೆ ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) 304ಎ ಅಡಿ ಹೆಚ್ಚೆಂದರೆ 2 ವರ್ಷ ಶಿಕ್ಷೆಯಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106(1) ಅದನ್ನು 5 ವರ್ಷಕ್ಕೆ ಏರಿಸಿದೆ. ಸಾವು ಸಂಭವಿಸಬಹುದು ಎಂಬ ಅರಿವು ಚಾಲಕನಿಗಿತ್ತು ಎಂದು ಸಾಬೀತಾದರೆ 105ರ ಅಡಿ, ಅಂದರೆ ಕೊಲೆಯಲ್ಲದ ನರಹತ್ಯೆ ಎಂದು, 10 ವರ್ಷದವರೆಗೆ ಶಿಕ್ಷೆ. ಮುಂಬೈನ ಕಾರ್ಟರ್ ರಸ್ತೆಯಲ್ಲಿ 2006ರ ನವೆಂಬರಿನಲ್ಲಿ ಫುಟ್‌ಪಾತ್ ಮೇಲೆ ಮಲಗಿದ್ದ ಕೂಲಿಕಾರರ ಮೇಲೆ ಕಾರು ಹರಿದು 7 ಮಂದಿ ಸತ್ತರು. ವಿಚಾರಣಾ ನ್ಯಾಯಾಲಯ ನಿರ್ಲಕ್ಷ್ಯವೆಂದು 6 ತಿಂಗಳ ಶಿಕ್ಷೆ ಕೊಟ್ಟಿತು. ಹೈಕೋರ್ಟ್ ನರಹತ್ಯೆಯೆಂದು 3 ವರ್ಷಕ್ಕೆ ಏರಿಸಿತು, 2012ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ಕಡತದಲ್ಲಿ ಪ್ರಯೋಗಾಲಯದ ವರದಿಯಿತ್ತು: 100 ಮಿ.ಲೀ. ರಕ್ತದಲ್ಲಿ 112 ಮಿ.ಗ್ರಾಂ ಆಲ್ಕೋಹಾಲ್. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 185 ಹಾಕಿರುವ ಮಿತಿ 30.

ಅಂಥ ವರದಿ ಎಲ್ಲ ಕಡತದಲ್ಲೂ ಇರುವುದಿಲ್ಲ. ದೇಹ 100 ಮಿ.ಲೀ. ರಕ್ತಕ್ಕೆ ಗಂಟೆಗೆ ಸುಮಾರು 15 ಮಿ.ಗ್ರಾಂನಂತೆ ಮದ್ಯವನ್ನು ಕರಗಿಸುತ್ತ ಹೋಗುತ್ತದೆ. ಗುದ್ದಿದ ಹೊತ್ತಿನಲ್ಲಿ 70 ಇದ್ದವನ ರಕ್ತವನ್ನು 3 ಗಂಟೆ ತಡವಾಗಿ ತೆಗೆದರೆ 25 ಬರಬಹುದು. ಕಾಗದದ ಮೇಲೆ ಅವನು ಕುಡಿದೇ ಇಲ್ಲ! ಬಂಧಿಸಿದ 2 ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಆಗಬೇಕು ಎಂದು ಅದೇ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 202 ಹೇಳುತ್ತದೆ. ಆದರೆ ಆ ಗಡಿಯಾರ ಓಡಲು ಶುರುವಾಗುವುದು ಬಂಧನದಿಂದ, ಅಪಘಾತದಿಂದಲ್ಲ. ಗಾಯಾಳುಗಳ ಸಾಗಾಟ, ಟ್ರಾಫಿಕ್, ಠಾಣೆಗಳ ನಡುವಿನ ಸರಹದ್ದಿನ ಮಾತು ಎಲ್ಲ ಮುಗಿಯುವಷ್ಟರಲ್ಲಿ ರಾತ್ರಿ ಕಳೆದಿರುತ್ತದೆ. ಕೊನೆಗೆ ಉಳಿಯುವುದು ವೈದ್ಯರು ಬರೆದ ‘ಬಾಯಿಯಿಂದ ಮದ್ಯದ ವಾಸನೆ’ ಎಂಬ ಸಾಲು. ವಾಸನೆ, ತೂರಾಟ, ಹಿಗ್ಗಿದ ಕಣ್ಣಪಾಪೆ ಇಷ್ಟರಿಂದಲೇ ಕುಡಿದಿದ್ದ ಎನ್ನಲಾಗದು ಎಂಬ ಸುಪ್ರೀಂ ಕೋರ್ಟಿನ 1971ರ ತೀರ್ಪನ್ನು ಪಾಟೀಸವಾಲಿಗೆ ಮುಂಚೆಯೇ ಆರೋಪಿಯ ಪರ ನಿಲ್ಲುವ ನಮ್ಮ ವಕೀಲರು ತೆಗೆದಿಟ್ಟುಕೊಂಡಿರುತ್ತಾರೆ.

ಶನಿವಾರ ರಾತ್ರಿ ನಾಕಾಬಂದಿಯಲ್ಲಿ ಊದಿಸುವ ಕೆಲಸ ಮಾತ್ರ ಚುರುಕಾಗಿ ನಡೆಯುತ್ತದೆ, ನಡೆಯಲೂ ಬೇಕು. 2019ರ ತಿದ್ದುಪಡಿಯ ನಂತರ ಮೊದಲ ಬಾರಿಯ ದಂಡ 10,000 ರೂಪಾಯಿ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಇದನ್ನು ರಸ್ತೆಯಲ್ಲೇ ಕಟ್ಟಿ ಮುಗಿಸಲು ಬರುವುದಿಲ್ಲ, ಕೋರ್ಟಿಗೇ ಹೋಗಬೇಕು. ಯಂತ್ರದ ಬಗ್ಗೆ ನ್ಯಾಯವಾದ ತಕರಾರುಗಳಿವೆ. ಅದು ಅಳೆಯುವುದು ಉಸಿರನ್ನು. ರಕ್ತದ ಅಂಕಿಯನ್ನು ಸಾಮಾನ್ಯವಾಗಿ 2100ಕ್ಕೆ 1 (2100 ಮಿ.ಲೀ. ಉಸಿರಿನಲ್ಲಿರುವಷ್ಟೇ ಮದ್ಯ 1 ಮಿ.ಲೀ. ರಕ್ತದಲ್ಲಿ) ಎಂಬ ಲೆಕ್ಕದಿಂದ ಊಹಿಸುತ್ತದೆ, ಈ ಅನುಪಾತವೋ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುತ್ತದೆ. ಆಗಷ್ಟೇ ಬಾಯಿ ಮುಕ್ಕಳಿಸಿದ ಮೌತ್‌ವಾಶ್ ಕೂಡ ಅಂಕಿಯನ್ನು ಏರಿಸಬಲ್ಲದು. ಹಾಗಾಗಿ 32, 34 ಬಂದವರಿಗೆ ರಕ್ತಪರೀಕ್ಷೆ ಕೇಳಿ ಎಂದೇ ನಾನು ಹೇಳುವುದು.

ಸಾವು ಅಥವಾ ತೀವ್ರ ಗಾಯವಾದ ಪ್ರತಿ ಅಪಘಾತದಲ್ಲೂ ಬದುಕುಳಿದ ಚಾಲಕರೆಲ್ಲರಿಗೆ ಪರೀಕ್ಷೆ ಕಡ್ಡಾಯವಾಗಬೇಕು ಎಂಬುದು ನನ್ನ ವಾದ. ಸೆಕ್ಷನ್ 203ರ ಪ್ರಕಾರ ಉಸಿರು ಪರೀಕ್ಷೆಗೆ ಈಗ ಪೊಲೀಸರಿಗೆ ಸಕಾರಣ ಅನುಮಾನ ಇರಬೇಕು. ಅನುಮಾನ ಬರಲಿಲ್ಲ ಎಂದು ಬರೆದುಬಿಟ್ಟರೆ ಅಲ್ಲಿಗೆ ಮುಗಿಯಿತು. ತನ್ನ ವಿರುದ್ಧ ತಾನೇ ಸಾಕ್ಷಿಯಾಗಬಾರದೆಂಬ ಸಂವಿಧಾನದ 20(3)ನೇ ವಿಧಿಯನ್ನು ಕೆಲವು ಮಿತ್ರರು ಎತ್ತುತ್ತಾರೆ. ಬೆರಳಚ್ಚು, ಕೈಬರಹದಂಥ ಭೌತಿಕ ಪುರಾವೆ ಈ ರಕ್ಷಣೆಯೊಳಗೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 1961ರಲ್ಲೇ ಹೇಳಿದೆ. ರಕ್ತವೂ ಅದೇ ಸಾಲಿನದು. ಕುಡಿಯದೆ ಸಿಕ್ಕಿಬಿದ್ದ ಚಾಲಕನಿಗೂ, ಊರವರ ಆರೋಪದ ಎದುರು, ಬೇಗ ತೆಗೆದ ರಕ್ತಕ್ಕಿಂತ ಗಟ್ಟಿ ಆಧಾರವಿಲ್ಲ.

ಬೇಗ ತೆಗೆದರೂ ಸಾಲದು. ಚರ್ಮ ಒರೆಸಲು ಸ್ಪಿರಿಟ್ ಬಳಸಬಾರದು, ಸೀಸೆಗೆ ರಕ್ತ ಕೆಡದಂತೆ ಕಾಯುವ ಸೋಡಿಯಂ ಫ್ಲೋರೈಡ್ ಬೆರೆಸಿರಬೇಕು, ಸೀಲು ಹಾಕಿದವರು ಯಾರು, ವಿಧಿವಿಜ್ಞಾನ ಪ್ರಯೋಗಾಲಯಕ್ಕೆ (ಎಫ್‌ಎಸ್‌ಎಲ್) ಒಯ್ದವರು ಯಾರು ಎಂಬುದು ದಾಖಲಾಗಿರಬೇಕು. ಪುಣೆಯಲ್ಲಿ 2024ರ ಮೇ ತಿಂಗಳಲ್ಲಿ ಇಬ್ಬರು ಯುವ ಎಂಜಿನಿಯರ್‌ಗಳು ಸತ್ತ ಪ್ರಕರಣದಲ್ಲಿ ರಕ್ತದ ಮಾದರಿಯನ್ನೇ ಬದಲಿಸಿದ ಆರೋಪದ ಮೇಲೆ ಸರ್ಕಾರಿ ವೈದ್ಯರು ಬಂಧನಕ್ಕೊಳಗಾದರು.

ನೊಂದ ಮನೆಯವರು ನನ್ನ ಬಳಿ ಬರುವುದು ಸಾಮಾನ್ಯವಾಗಿ ತಿಥಿ ಮುಗಿದ ಮೇಲೆ. ಆಗ ರಕ್ತದ ವಿಷಯದಲ್ಲಿ ಮಾಡುವಂಥದ್ದೇನೂ ಇರುವುದಿಲ್ಲ. ಇದನ್ನು ಓದುತ್ತಿರುವವರಲ್ಲಿ ಕೇಳಿಕೊಳ್ಳುತ್ತೇನೆ: ಅಂಥ ರಾತ್ರಿ ಬಂದರೆ ಮನೆಯವರು ಆಸ್ಪತ್ರೆಯಲ್ಲಿರಲಿ, ಸಂಬಂಧಿಕರಲ್ಲಿ ಯಾರಾದರೊಬ್ಬರು ಠಾಣೆಗೆ ಹೋಗಿ, ಚಾಲಕನ ಉಸಿರು ಮತ್ತು ರಕ್ತ ಪರೀಕ್ಷೆ ಕೂಡಲೇ ಮಾಡಿಸಿ ಎಂದು ಎರಡು ಸಾಲಿನ ಅರ್ಜಿ ಬರೆದು ಕೊಡಲಿ. ಅದರ ನಕಲಿನ ಮೇಲೆ ಠಾಣೆಯ ಮುದ್ರೆ, ದಿನಾಂಕದ ಜೊತೆಗೆ ಸಮಯವನ್ನೂ ಬರೆಸಿಕೊಳ್ಳಲಿ.