ಪೋಸ್ಟ್‌ಡಾಕ್ ಅರ್ಜಿಯಲ್ಲಿ ಕಾಣೆಯಾದ ಪ್ರಶ್ನೆ

ನಮ್ಮದು ಬೆಂಗಳೂರಿನ ಒಂದು ಪುಟ್ಟ ಲ್ಯಾಬ್. ಹಣ್ಣುನೊಣದ ಮರಿಹುಳುವಿನಲ್ಲಿ ರೆಕ್ಕೆ ಹೇಗೆ ರೂಪುಗೊಳ್ಳುತ್ತದೆ ಎಂಬುದೇ ನಮ್ಮ ಕೆಲಸ. ಪೋಸ್ಟ್‌ಡಾಕ್ (ಪಿಎಚ್‌.ಡಿ. ಮುಗಿದ ಮೇಲೆ ಇನ್ನೊಂದು ಲ್ಯಾಬ್‌ನಲ್ಲಿ ಮಾಡುವ ಸಂಶೋಧನೆಯ ಕೆಲಸ) ಕೇಳಿಕೊಂಡು ಬರುವ ಪತ್ರಗಳಲ್ಲಿ ಹತ್ತಕ್ಕೆ ಎಂಟು ಒಂದೇ ಅಚ್ಚಿನವು: "ಮಾನ್ಯರೇ, ತಮ್ಮ ಪ್ರತಿಷ್ಠಿತ ಪ್ರಯೋಗಾಲಯಕ್ಕೆ ಸೇರಲು ಉತ್ಸುಕನಾಗಿದ್ದೇನೆ. ಪಿಸಿಆರ್, ವೆಸ್ಟರ್ನ್ ಬ್ಲಾಟ್, ಸೆಲ್ ಕಲ್ಚರ್, ಕಾನ್‌ಫೋಕಲ್ ಎಲ್ಲ ಬರುತ್ತದೆ." ನೊಣದ ಮಾತೇ ಇರುವುದಿಲ್ಲ. ನನಗೆ ಸಿಟ್ಟು ಬರುತ್ತದೆ, ಸಂಕಟವೂ ಆಗುತ್ತದೆ. ಬರೆದವರಲ್ಲಿ ಬಹಳ ಮಂದಿ ಐದಾರು ವರ್ಷ ಹಗಲಿರುಳು ದುಡಿದ ಒಳ್ಳೆಯ ಹುಡುಗ ಹುಡುಗಿಯರು.

ಪಿಎಚ್‌.ಡಿ.ಯಲ್ಲಿ ಪ್ರಶ್ನೆಯನ್ನು ಬಹುಮಟ್ಟಿಗೆ ಗೈಡ್ ಕೊಡುತ್ತಾರೆ. ಪೋಸ್ಟ್‌ಡಾಕ್‌ಗೆ ಬರುವವರು ಪ್ರಶ್ನೆಯನ್ನು ತಾವೇ ತರಬೇಕು. ಮುಂದೆ ಸ್ವಂತ ಲ್ಯಾಬ್ ಕಟ್ಟುವುದು ಅದರ ಮೇಲೆಯೇ. ಕೈಕೆಲಸವನ್ನು ನಾವು ಕಲಿಸುತ್ತೇವೆ. ಮರಿಹುಳುವನ್ನು ಎರಡು ಚಿಮಟಗಳಿಂದ ಹರಿದು, ಮುಂಭಾಗವನ್ನು ಕಾಲುಚೀಲದಂತೆ ಒಳಹೊರಗು ಮಾಡಿ, ಶ್ವಾಸನಾಳಕ್ಕೆ ಅಂಟಿಕೊಂಡ ರೆಕ್ಕೆಯ ಡಿಸ್ಕನ್ನು, ಅಂದರೆ ಮುಂದೆ ರೆಕ್ಕೆಯಾಗುವ ಕೋಶಗಳ ಪುಟ್ಟ ಹಾಳೆಯನ್ನು, ಬಿಡಿಸುವುದು ಕೆಲವು ವಾರಗಳಲ್ಲಿ ಕೈಗೆ ಹತ್ತುತ್ತದೆ. ಏನನ್ನು ತಿಳಿಯಬೇಕೆಂಬ ಹಂಬಲವನ್ನು ಮಾತ್ರ ನಾನು ಯಾರಿಗೂ ಕಲಿಸಲಾರೆ.

ಜಾನ್ ಸಲ್ಸ್ಟನ್ ಓದಿದ್ದು ರಸಾಯನಶಾಸ್ತ್ರ. 1969ರಲ್ಲಿ ಕೇಂಬ್ರಿಜ್‌ಗೆ ಬಂದು ಸಿ. ಎಲಿಗ್ಯಾನ್ಸ್ ಎಂಬ ಹುಳುವಿನ ಹಿಂದೆ ಬಿದ್ದರು. ಸೂಕ್ಷ್ಮದರ್ಶಕದ ಮುಂದೆ ಕುಳಿತು, ಒಂದೊಂದೇ ಕೋಶ ಎರಡಾಗಿ ಒಡೆಯುವುದನ್ನು ನೋಡುತ್ತ ಚಿತ್ರ ಬರೆದುಕೊಂಡರು. ಯಾವ ಕೋಶದಿಂದ ಯಾವ ಕೋಶ ಹುಟ್ಟುತ್ತದೆ ಎಂದು ತೋರಿಸುವ, ಭ್ರೂಣದ ಸಂಪೂರ್ಣ ಕೋಶವಂಶಾವಳಿ 1983ರಲ್ಲಿ ಪ್ರಕಟವಾಯಿತು, 2002ರಲ್ಲಿ ನೊಬೆಲ್ ಬಂತು. ಅವರು ಬರುವಾಗ ತಂದ ಕೌಶಲಗಳ ಪಟ್ಟಿಯಲ್ಲಿ ಹುಳು ಎಲ್ಲಿತ್ತು?

ಇದು ನನ್ನೊಬ್ಬಳ ಹಟವೂ ಅಲ್ಲ. ಭಾರತದವರು ಯುರೋಪಿನ ಅಣುಜೀವಶಾಸ್ತ್ರ ಸಂಸ್ಥೆಯಾದ ಎಂಬೋದ ಫೆಲೋಶಿಪ್‌ಗೆ, ಯುರೋಪಿನ ಮೇರಿ ಕ್ಯೂರಿ ಫೆಲೋಶಿಪ್‌ಗೆ ಅರ್ಜಿ ಹಾಕಬಹುದು. ಎರಡರಲ್ಲೂ ಯೋಜನೆ ಬರೆಯಬೇಕಾದವರು ಅಭ್ಯರ್ಥಿಗಳೇ. ಪ್ರಶ್ನೆಯೇ ಇಲ್ಲದಿದ್ದರೆ ಏನನ್ನು ಬರೆಯುತ್ತೀರಿ? ಪದವಿ ಸಿಕ್ಕಿ ಎಷ್ಟು ವರ್ಷವಾಗಿದೆ ಎಂಬ ಮಿತಿಯೂ ಇರುತ್ತದೆ. ನಿಯಮಗಳು ಬದಲಾಗುತ್ತಿರುತ್ತವೆ, ಆ ವರ್ಷದ ಪ್ರಕಟಣೆಯನ್ನೇ ನೋಡಿ. ಪ್ರಬಂಧ ಸಲ್ಲಿಸುವುದಕ್ಕೆ ಒಂದು ವರ್ಷ ಮೊದಲೇ ಪತ್ರ ಬರೆಯುವುದು ಕ್ಷೇಮ. ಹಣ ಸಿದ್ಧವಿದ್ದು, ನಿಗದಿತ ಕೆಲಸಕ್ಕೇ ಜನ ಬೇಕಾದ ಲ್ಯಾಬ್‌ಗಳು ಕೌಶಲವನ್ನೇ ಮೊದಲು ನೋಡಬಹುದು; ಆ ಮಾತು ಬೇರೆ.

ಒಮ್ಮೆ ಸಣ್ಣ ಊರಿನ ವಿಶ್ವವಿದ್ಯಾಲಯವೊಂದರಿಂದ ಒಬ್ಬ ಹುಡುಗಿ ನಮ್ಮ ಸಂಶೋಧನಾ ಲೇಖನವೊಂದನ್ನು ಓದಿ ಆರು ಸಾಲು ಬರೆದಿದ್ದಳು. ರೆಕ್ಕೆಯ ಡಿಸ್ಕ್‌ನಲ್ಲಿ ಮುಂದಿನ ಅರ್ಧದ ಕೋಶಗಳೂ ಹಿಂದಿನ ಅರ್ಧದ ಕೋಶಗಳೂ ಬೆರೆಯುವುದಿಲ್ಲ, ನಡುವೆ ನೇರವಾದ ಗಡಿ ಇರುತ್ತದೆ. "ನಿಮ್ಮ ನಾಲ್ಕನೆಯ ಚಿತ್ರದಲ್ಲಿ 18 ಡಿಗ್ರಿಯ ತಂಪಿನಲ್ಲಿ ಬೆಳೆದ ಮರಿಹುಳುಗಳ ಗಡಿ ಕೊಂಚ ಡೊಂಕಾಗಿದೆ. ತಂಪಿನಲ್ಲಿ ಕೋಶಗಳು ನಿಧಾನವಾಗಿ ಒಡೆದರೆ ಗಡಿ ಸಡಿಲವಾಗುತ್ತದೆಯೇ ಮೇಡಂ?" ಎಂದು ಕೇಳಿದ್ದಳು. ಆ ಚಿತ್ರವನ್ನು ಅಷ್ಟು ದಿನ ನೋಡಿದ್ದ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ಅಂದೇ 18 ಡಿಗ್ರಿಯಲ್ಲಿ ಹೊಸ ಮರಿಹುಳುಗಳನ್ನು ಬೆಳೆಯಲಿಟ್ಟೆವು. ಗಡಿ ನೆಟ್ಟಗೇ ಇತ್ತು. ಡಿಸ್ಕನ್ನು ಗಾಜಿನ ಮೇಲೆ ಕೂರಿಸುವಾಗ ನಾವೇ ಅದನ್ನು ಮಡಿಚಿದ್ದೆವು. ಅವಳ ಊಹೆ ತಪ್ಪಾಗಿತ್ತು. ಅದನ್ನು ತಿಳಿಸಿ, ಸಂದರ್ಶನಕ್ಕೆ ಬರುವಂತೆ ಅದೇ ಪತ್ರದಲ್ಲಿ ಬರೆದೆ.