ಅಂಕಣ: ಪೇಪರಿನದಲ್ಲ, ಮನೆಯದು

ಅಂಕಣ ಅಂದ ಕೂಡಲೇ ಈಗ ನೆನಪಾಗುವುದು ಪೇಪರಿನ ಅಂಕಣ. ಕೊಪ್ಪಳದ ಕಡೆ ಹಳೆ ಮನೆ ಬಿಚ್ಚಿದ ಕಟ್ಟಿಗೆ ಕೊಳ್ಳಲು ಹೋದರೆ ಮಾತು ಬೇರೆ: ‘ಎಷ್ಟು ಅಂಕಣದ ಮನಿರೀ ಇದು?’

ಎರಡು ತೊಲೆಗಳ ನಡುವಿನ ಜಾಗವೇ ಅಂಕಣ. ಅದು ಕೋಣೆ ಅಲ್ಲ. ಗೋಡೆಯೇ ಇಲ್ಲದ ಪಡಸಾಲೆಯಲ್ಲೂ ಮೂರು ಅಂಕಣ ಇರಬಹುದು. ಗುಡಿಯ ನವರಂಗದಲ್ಲಿ, ಅಂದರೆ ಕಂಬಗಳ ಮಂಟಪದಲ್ಲಿ, ತಲೆ ಎತ್ತಿ ನೋಡಿ. ನಡುವಿನ 4 ಕಂಬಗಳಿಂದ ಚಾವಣಿ 9 ಅಂಕಣ ಆಗಿರುತ್ತೆ. ಪೇಪರಿಗೆ ಇಂಗ್ಲಿಷಿನವರು ಕಂಬದ ಹೆಸರು ಇಟ್ಟು ‘ಕಾಲಂ’ ಅಂದರು, ನಾವು ಕಂಬಗಳ ನಡುವಿನ ಜಾಗದ ಹೆಸರು ಇಟ್ಟೆವು. ನಮ್ಮದೇ ಸರಿ ಅನ್ಸುತ್ತೆ, ಬರೆಯೋದು ಖಾಲಿ ಜಾಗದಲ್ಲೇ ಅಲ್ವಾ?

ನಮ್ಮ ಮಾಳಿಗೆ ಮನೆಗಳಲ್ಲಿ, ಅಂದರೆ ಮಣ್ಣಿನ ಚಪ್ಪಟೆ ಚಾವಣಿಯ ಮನೆಗಳಲ್ಲಿ, ಕಲ್ಲಿನ ಮೇಲೆ ಕಂಬ, ಕಂಬದ ತಲೆಗೆ ಬೋದಿಗೆ ಅನ್ನೋ ಅಡ್ಡ ತುಂಡು, ಅದರ ಮೇಲೆ ತೊಲೆ. ತೊಲೆಯಿಂದ ತೊಲೆಗೆ ಸಾಲಾಗಿ ಜಂತಿ, ಅಂದರೆ ಸಣ್ಣ ಅಡ್ಡ ಮರಗಳು. ಅದರ ಮೇಲೆ ಹಲಗೆ, ಮಣ್ಣು, ಮಳೆ ಸೋರದಂತೆ ಸವಳು ಮಣ್ಣು. ಅಷ್ಟೂ ಭಾರವನ್ನು ಜಂತಿ ಬಗ್ಗದೆ ಹೊರಬೇಕು. ಹಾಗಾಗಿ ಅಂಕಣದ ಅಗಲ ಯಜಮಾನನ ಆಸೆಯಂತಲ್ಲ, ಸಿಕ್ಕ ಮರದ ತಾಕತ್ತಿನಂತೆ. ನೆಲ್ಲೂರು ಕಡೆ ತೆಲುಗರು ‘ಅಂಕಣಂ’ ಅಂದರೆ 36 ಚದರಡಿ ಅಂತ ಗಟ್ಟಿ ಮಾಡಿಕೊಂಡು ಸೈಟನ್ನೇ ಮಾರುತ್ತಾರೆ. ನಮ್ಮಲ್ಲಿ ಅಷ್ಟು ಬಿಗಿ ಇಲ್ಲ.

ಮನೆ ಬಿಚ್ಚಿದಾಗ ಗೋಡೆ ಮಣ್ಣಿಗೆ ಮಣ್ಣಾಗುತ್ತೆ, ಅಂಕಣದ ಕಟ್ಟಿಗೆ ಮಾತ್ರ ಟ್ರ್ಯಾಕ್ಟರ್ ಹತ್ತುತ್ತೆ. ಒಂದು ಮರದ ತೂತಿಗೆ ಇನ್ನೊಂದರ ನಾಲಿಗೆ ಸೇರಿಸಿ ಬೆಣೆ ಹೊಡೆದಿರುತ್ತಾರೆ. ಬೆಣೆ ತೆಗೆದರೆ ಬಿಡಿ, ಹೊಡೆದರೆ ಮತ್ತೆ ಜೋಡಿ. ಬಿಚ್ಚುವ ಮೊದಲೇ ನಂಬರ್ ಬರೆದಿಡಬೇಕು, ಇಲ್ಲದಿದ್ದರೆ ಆಮೇಲೆ ಯಾವ ನಾಲಿಗೆ ಯಾವ ತೂತಿಗೆ ಅಂತ ಹುಡುಕುವುದು ದೊಡ್ಡ ರಗಳೆ.

ಹೋದ ಬೇಸಿಗೆ ನನ್ನ ಪಕ್ಕದ ಮನೆಯವರ ಜೊತೆ ಹೀಗೆ ಬಿಚ್ಚಿದ ಮನೆಯೊಂದಕ್ಕೆ ಹೋಗಿದ್ದೆ. ಅವರಿಗೆ ದನದ ಕೊಟ್ಟಿಗೆಗೆ ಕಟ್ಟಿಗೆ ಬೇಕಿತ್ತು. ಅಲ್ಲಿ ಬಿದ್ದಿದ್ದ ಸಾಗವಾನಿ ತೊಲೆಯೊಂದರಲ್ಲಿ ತೊಟ್ಟಿಲು ತೂಗಿಸುವ ಕಬ್ಬಿಣದ ಕೊಂಡಿ ಹಾಗೇ ಇತ್ತು. ಒಂದು ಮಗ್ಗುಲು ಅಡುಗೆಮನೆ ಹೊಗೆಗೆ ಕರ್ರಗೆ. ಬಡಿಗೇರ ಅದ್ಯಾವುದನ್ನೂ ನೋಡಲಿಲ್ಲ. ಗೋಡೆಯೊಳಗಿದ್ದ ತುದಿಯನ್ನು ಸುತ್ತಿಗೆಯಿಂದ ತಟ್ಟಿದ. ಗೆದ್ದಲು ಮೊದಲು ಹತ್ತುವುದು ಅಲ್ಲಿಗೇ. ಟಣ್ ಅಂದರೆ ಗಟ್ಟಿ, ಡಬ್ ಅಂದರೆ ಒಲೆಗೆ.

ತೊಲೆ ಪಾಸಾಯ್ತು. ಆದರೆ ಜಂತಿ 8 ಅಡಿ, ಇವರಿಗೆ ಬೇಕಾಗಿದ್ದು 10 ಅಡಿಯ ಮೂರು ಅಂಕಣ. ‘ಜಂತಿ ಉದ್ದ ಆಗಂಗಿಲ್ರಿ’ ಅಂದ ಬಡಿಗೇರ. ಕೊಟ್ಟಿಗೆ ನಾಲ್ಕು ಅಂಕಣದ್ದಾಯ್ತು. ಒಂದು ತೊಲೆ ಜಾಸ್ತಿ ಕೊಂಡರು.